ಎಂಟು ಯೂನಿಟ್

ಮಾರ್ಚ್ 3, ಸೋಮವಾರ

ನಿನ್ನೆ ಅಣ್ಣ ಬಂದಿದ್ದ. ಬಾಗಿಲು ತೆಗೆದವಳಿಗೆ ಒಂದು ಕ್ಷಣ ಗುರುತೇ ಹತ್ತಲಿಲ್ಲ. ಹೊಟ್ಟೆ ಇಲ್ಲ, ಗಲ್ಲದ ಕೆಳಗಿನ ಚೀಲ ಇಲ್ಲ, ಅಂಗಿ ಬೇರೆ ಯಾರದ್ದೋ ತೊಟ್ಟುಕೊಂಡು ಬಂದವನ ಹಾಗೆ ಜೋಲಾಡುತ್ತಿತ್ತು. ಏನೋ ದೊಡ್ಡ ಕಾಯಿಲೆಯೇ ಬಂದಿದೆಯೆಂದುಕೊಂಡೆ.

"ಹದಿನಾಲ್ಕು ಕಿಲೋ ಪುಟ್ಟಿ," ಅಂದ, ಕೂತುಕೊಳ್ಳುವ ಮೊದಲೇ. "ಅನ್ನ, ಬ್ರೆಡ್ಡು, ಆಲೂಗಡ್ಡೆ, ಸಕ್ಕರೆ, ನಾಲ್ಕಕ್ಕೂ ಕೈಮುಗಿದುಬಿಟ್ಟೆ. ಆರು ತಿಂಗಳಾಯ್ತು. ಶುಗರ್ ಮಾತ್ರೆ ಪೂರ್ತಿ ನಿಲ್ಲಿಸಿಬಿಟ್ರು ಡಾಕ್ಟ್ರು."

ಹತ್ತು ವರ್ಷದಿಂದ ಮಾತ್ರೆ ನುಂಗುತ್ತಿದ್ದವನು ಬಿಡುಗಡೆಯಾಗಿ ಬಂದು ನನ್ನ ಸೋಫಾದ ಮೇಲೆ ಕೂತಿದ್ದಾನೆ. ನನಗೆ ಕಾಯಿಲೆ ಶುರುವಾಗಿ ಮೂರೇ ವರ್ಷ, ಆಗಲೇ ಮಾತ್ರೆ ಮುಗಿದು ಇನ್ಸುಲಿನ್‌ಗೆ ಇಳಿದಿದ್ದೇನೆ. ಬೆಳಗ್ಗೆ ಎದ್ದ ಕೂಡಲೇ ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಒಂದು, ಇಪ್ಪತ್ತು ಯೂನಿಟ್. ಆಮೇಲೆ ಮೂರು ಹೊತ್ತಿನ ಊಟಕ್ಕೂ ಮೊದಲು ಚುರುಕಾಗಿ ಕೆಲಸ ಮಾಡುವ ಇನ್ನೊಂದು. ಎಂಟು, ಎಂಟು, ಎಂಟು. "ಪ್ರತಿ ಊಟಕ್ಕೂ ಹೆಚ್ಚುಕಡಿಮೆ ಒಂದೇ ಅಳತೆ ಅನ್ನವೋ ಬ್ರೆಡ್ಡೋ ತಿನ್ನಿ, ಎಂಟು ಸರಿಹೋಗುತ್ತೆ" ಎಂದಿದ್ದರು ಡಾಕ್ಟರಮ್ಮ. ಸರಿಹೋಗಿದ್ದು ಏನೂ ಇಲ್ಲ. ಊಟವಾದ ಮೇಲೆ ಇನ್ನೂರ ಐವತ್ತು, ಇನ್ನೂರ ಎಂಬತ್ತು.

ನಾಳೆಯಿಂದ ಅಣ್ಣನ ದಾರಿ. ಮುಂದಿನ ತಿಂಗಳ ರಿಪೋರ್ಟ್ ನೋಡಿ ಡಾಕ್ಟರಮ್ಮನೇ ಬೆಚ್ಚಿಬೀಳಲಿ. ಈಗಲೇ ಹೇಳುವುದೇಕೆ?

ಇವರು ಮಾತ್ರ, "ಊಟ ಕಡಿಮೆ ಮಾಡಿದ್ರೆ ಇಂಜೆಕ್ಷನ್ನೂ ಅಷ್ಟೇ ಇರುತ್ತಾ?" ಎಂದರು.

"ನೀವು ಕನ್ನಡಕದ ಗಾಜು ಕತ್ತರಿಸೋದು ನೋಡ್ಕೊಳ್ಳಿ," ಎಂದೆ. ಅವರ ಕಸುಬು ಅದೇ. ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಗಾಜನ್ನು ಮತ್ತೆ ಯಂತ್ರಕ್ಕೆ ಕೊಡುವ ಮನುಷ್ಯ. ಮನೆಯಲ್ಲೂ ಹಾಗೇ ಕೊರೆಯುತ್ತಾರೆ.

ಮಾರ್ಚ್ 4, ಮಂಗಳವಾರ

ಬೆಳಗ್ಗೆ ಎರಡು ಮೊಟ್ಟೆ, ಬೇಯಿಸಿದ ಎಲೆಕೋಸು. ಎಂದಿನಂತೆ ಎಂಟು ಯೂನಿಟ್. ಹತ್ತೂವರೆಗೆ ದಿನದ ಎರಡನೆಯ ಡ್ರೈವಿಂಗ್ ಪಾಠ ಕಲಿಸುತ್ತಿದ್ದಾಗ ಬೆವರು, ಕೈಬೆರಳಲ್ಲಿ ಸಣ್ಣ ನಡುಕ. ಗಾಡಿ ಪಕ್ಕಕ್ಕೆ ಹಾಕಿಸಿ ಬೆರಳು ಚುಚ್ಚಿ ನೋಡಿದರೆ ಅರವತ್ತಾರು!

ಮೂರು ವರ್ಷದಲ್ಲಿ ಇಂಥ ಅಂಕಿ ಕಂಡೇ ಇಲ್ಲ. ಒಂದೇ ದಿನಕ್ಕೆ! ಸಕ್ಕರೆ ತಿನ್ನಬೇಕು ಎನ್ನುತ್ತಾರೆ, ಆದರೆ ವ್ರತ ಹಿಡಿದ ಮೊದಲ ದಿನವೇ ಮುರಿಯುವುದೇ? ಒಂದು ಹಿಡಿ ಕಡಲೆಕಾಯಿ ಬೀಜ ತಿಂದೆ. ಅರ್ಧ ಗಂಟೆ ತಲೆ ಹತ್ತಿಯಂತಿತ್ತು, ಆಮೇಲೆ ಸರಿಹೋಯಿತು.

ಅಣ್ಣನಿಗೆ ಫೋನ್ ಮಾಡಿ ಹೇಳಿದೆ. "ನೋಡಿದ್ಯಾ!" ಎಂದು ಕೂಗಿದ.

ಮಾರ್ಚ್ 6, ಗುರುವಾರ

ದಿನಕ್ಕೆ ಎರಡು ಸಲ ನಡುಕ ಬರುತ್ತಿದೆ. ಮೈ ಹೊಂದಿಕೊಳ್ಳುತ್ತಿದೆ, ಅಷ್ಟೆ.

ಹನ್ನೊಂದು ಗಂಟೆಯ ಪಾಠ ಲೈಬ್ರರಿಯಮ್ಮನದು. ಅವರಿಗೆ ನಾನಿಟ್ಟ ಹೆಸರು. ನಿವೃತ್ತ ಗ್ರಂಥಪಾಲಕಿ, ಅರವತ್ತೊಂದು ವರ್ಷ. ಗಂಡನ ಕಣ್ಣು ಮಂಜಾಗಿ ಕಾರು ಓಡಿಸುವುದು ನಿಂತಿದೆ, ಹಾಗಾಗಿ ಈ ವಯಸ್ಸಿನಲ್ಲಿ ಇವರು ಕಲಿಯಲು ಬಂದಿದ್ದಾರೆ. ಕನ್ನಡಿ ಎಡಕ್ಕೆ, ಕನ್ನಡಿ ಬಲಕ್ಕೆ, ಮತ್ತೆ ಎಡಕ್ಕೆ. ಅಷ್ಟು ಹೊತ್ತಿಗೆ ದೀಪ ಮತ್ತೆ ಕೆಂಪಾಗಿರುತ್ತದೆ. ಹಿಂದಿನವರೆಲ್ಲ ಹಾರ್ನ್ ಒತ್ತುತ್ತಾರೆ.

"ಪುಸ್ತಕ ವಾಪಸ್ ಬರೋದಕ್ಕೆ ಕಾಯ್ತಿದ್ದೀರಾ? ಹೊರಡಿ!" ಎಂದು ರೇಗಿದೆ ಇವತ್ತು. ಅವರು ತಪ್ಪಾಯಿತು ಎಂಬಂತೆ ನಕ್ಕರು. ಹದಿನೇಳು ವರ್ಷದಿಂದ ಕಲಿಸುತ್ತಿದ್ದೇನೆ. ಇಂಥವರು ಪಾಸಾಗುವುದಿಲ್ಲ.

ಮಾರ್ಚ್ 9, ಭಾನುವಾರ

ನನ್ನ ಕೈಚೀಲದಲ್ಲಿ ಇವರು ಗ್ಲುಕೋಸ್ ಬಿಲ್ಲೆಗಳ ಡಬ್ಬಿ ಇಟ್ಟಿದ್ದರು. ತೆಗೆದು ಮೇಜಿನ ಮೇಲೆ ಕುಕ್ಕಿದೆ.

"ನಾನು ಸಕ್ಕರೆ ಬಿಟ್ಟಿದ್ದೀನಿ. ಕುಡಿತ ಬಿಟ್ಟವನ ಜೇಬಿಗೆ ಬಾಟ್ಲಿ ಇಡ್ತಾರೇನ್ರೀ?"

"ಅದು ಬೇರೆ, ಇದು ಬೇರೆ ಅಲ್ವೇನೇ..."

"ಯಾವ ಡಾಕ್ಟ್ರು ಹೇಳಿದ್ರು ನಿಮಗೆ?"

ಇವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಮಾತು ಸೋತಾಗ ಅವರಿಗೆ ಅದೊಂದು ಕೆಲಸ.

ಮಾರ್ಚ್ 13, ಗುರುವಾರ

ಗಾಡಿಯಲ್ಲಿ ಸ್ವಲ್ಪ ತಲೆಸುತ್ತು. ಸರಿಹೋಯಿತು. ಬೇಗ ಮನೆಗೆ ಬಂದೆ.

ಮಾರ್ಚ್ 14, ಶುಕ್ರವಾರ

ನಿನ್ನೆಯದನ್ನು ಬರೆಯಲೇಬೇಕು. ಬರೆಯದಿದ್ದರೆ ತಲೆಯೊಳಗೇ ಸುತ್ತುತ್ತಿರುತ್ತದೆ.

ಲೈಬ್ರರಿಯಮ್ಮನ ಪಾಠ. ನೀರಿನ ಟ್ಯಾಂಕಿನ ಹತ್ತಿರ ಬಲಕ್ಕೆ ತಿರುಗಿಸಿದ್ದು ನೆನಪಿದೆ. ಆಮೇಲೆ ನೆನಪಿರುವುದು ಬಾಯಲ್ಲಿ ಕಿತ್ತಳೆ ರುಚಿಯ ಪೆಪ್ಪರ್‌ಮೆಂಟು. ನಡುವೆ ಏನೂ ಇಲ್ಲ. ರೀಲಿನಿಂದ ಒಂದು ತುಂಡು ಕತ್ತರಿಸಿ ಹಾಕಿದಂತೆ. ಗಾಡಿ ನಿಂತಿತ್ತು. ಹ್ಯಾಂಡ್‌ಬ್ರೇಕ್ ಮೇಲಕ್ಕೆ ಎಳೆದಿತ್ತು. ಲೈಬ್ರರಿಯಮ್ಮ ನನ್ನ ಗಲ್ಲ ಹಿಡಿದು "ಅಗೀರಿ, ಅಗೀರಿ" ಅನ್ನುತ್ತಿದ್ದರು. ನನ್ನ ರವಿಕೆ ನೀರಿನಲ್ಲಿ ಅದ್ದಿ ತೆಗೆದಂತಾಗಿತ್ತು. ಬೆರಳು ಚುಚ್ಚಿ ನೋಡಿದೆ. ನಲವತ್ತೊಂದು. ಮಿಠಾಯಿ ತಿಂದ ಮೇಲೆ ನಲವತ್ತೊಂದು. ಹಾಗಾದರೆ ಅದಕ್ಕೂ ಮೊದಲು?

"ಆಫೀಸಲ್ಲಿ ಹೇಳ್ಬೇಡಿ," ಅಂದೆ. ಮೊದಲು ನನ್ನ ಬಾಯಿಂದ ಬಂದದ್ದು ಅದೇ. ಧನ್ಯವಾದ ಅಲ್ಲ.

"ಹೇಳೋದಿಲ್ಲ," ಎಂದರು ಅವರು. "ಆದ್ರೆ ನಾಳೆಯಿಂದ ನಾನು ಬರೋದೂ ಇಲ್ಲ."

ಇವತ್ತು ಹನ್ನೊಂದು ಗಂಟೆಗೆ ಯಾರೂ ಬರಲಿಲ್ಲ. ಮಂಡಿನೋವು, ಕಲಿಕೆ ನಿಲ್ಲಿಸಿದ್ದೇನೆ ಎಂದು ಸಾರ್‌ಗೆ ಫೋನ್ ಮಾಡಿದ್ದರಂತೆ. ಸಾರ್ ಎಂದರೆ ನಮ್ಮ ಡ್ರೈವಿಂಗ್ ಸ್ಕೂಲಿನ ಮಾಲೀಕರು. "ಏನ್ ಮೇಡಂ, ಬೈದು ಓಡಿಸಿಬಿಟ್ರಾ?" ಎಂದು ನಕ್ಕರು. ನಾನೂ ನಕ್ಕೆ.

ಇವರಿಗೆ ಹೇಳಿಲ್ಲ.

ಮಾರ್ಚ್ 16, ಭಾನುವಾರ

ಎರಡು ದಿನ ಯೋಚಿಸಿದೆ. ತಪ್ಪು ಊಟದ್ದಲ್ಲ, ಆ ಎಂಟರದು. ಅನ್ನವೇ ಇಲ್ಲದ ತಟ್ಟೆಗೆ ಎಂಟು ಯೂನಿಟ್ ಯಾಕೆ? ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ. ಇವತ್ತಿನಿಂದ ಊಟದ ಇಂಜೆಕ್ಷನ್ ಬಂದ್. ಡಾಕ್ಟರಮ್ಮನಿಗೆ ಫೋನ್ ಮಾಡಿದರೆ ಗಾಡಿಯ ವಿಷಯ ಬಾಯಿ ಬಿಡಿಸುತ್ತಾರೆ. ಬೇಡ.

ಈಗ ಪ್ರತಿ ಪಾಠಕ್ಕೂ ಮೊದಲು ಬೆರಳು ಚುಚ್ಚುತ್ತೇನೆ. ನೂರ ಐವತ್ತರ ಮೇಲಿದ್ದರೆ ಮಾತ್ರ ಸಮಾಧಾನ.

ಮಾರ್ಚ್ 22, ಶನಿವಾರ

ಆರು ದಿನ, ಊಟದ ಇಂಜೆಕ್ಷನ್ ಒಂದೂ ಇಲ್ಲ. ನೂರ ನಲವತ್ತು, ನೂರ ಅರವತ್ತು, ನೂರ ಮೂವತ್ತೆರಡು! ಕಣ್ಣನ್ನೇ ನಂಬಲಾಗದೆ ಇನ್ನೊಂದು ಬೆರಳು ಚುಚ್ಚಿ ನೋಡಿದೆ. ಅದೇ.

ಅಂದರೆ ನನ್ನ ಮೈಗೂ ಬೇಕಾಗಿರಲಿಲ್ಲ. ಇಷ್ಟು ದಿನ ಸುಮ್ಮನೆ ಚುಚ್ಚಿಸಿಕೊಂಡೆನಲ್ಲ ಎಂದು ಹೊಟ್ಟೆ ಉರಿಯಿತು. ಬೆಳಗಿನ ಇಪ್ಪತ್ತನ್ನೂ ಹತ್ತಕ್ಕೆ ಇಳಿಸಿದೆ. ಅಣ್ಣ ಹೇಳಿದ: "ನಿಧಾನಕ್ಕೆ ಅದನ್ನೂ ಬಿಡು. ನನ್ನದೇ ರಕ್ತ ಅಲ್ವಾ ನಿಂದೂ?"

ಇವರು ಕೇಳಿದ್ದಕ್ಕೆ ಎಲ್ಲ ತೆಗೆದುಕೊಳ್ಳುತ್ತಿದ್ದೇನೆ ಎಂದೆ.

ಮಾರ್ಚ್ 27, ಗುರುವಾರ

ನಿನ್ನೆಯಿಂದ ಬೆಳಗಿನದೂ ಇಲ್ಲ. ಪೂರ್ತಿ ಸೊನ್ನೆ. ಇನ್ಸುಲಿನ್ ಪೆನ್ನನ್ನು ಫ್ರಿಜ್ಜಿನ ಹಿಂಬದಿಗೆ ತಳ್ಳಿದೆ. ಅಂಕಿ ನೂರ ತೊಂಬತ್ತು, ಇನ್ನೂರು. ಬಿಸಿಲಿಗಿರಬೇಕು. ಎಷ್ಟು ನೀರು ಕುಡಿದರೂ ನಾಲಿಗೆ ಒಣಗುತ್ತಿದೆ. ಮೆಟ್ಟಿಲು ಹತ್ತುವಾಗ ನಡುವೆ ಕೂತೆ.

ಕುತ್ತಿಗೆಯ ಮೂಳೆ ಕಾಣುತ್ತಿದೆ. ಅಣ್ಣನ ಹಾಗೇ ಆಗುತ್ತಿದ್ದೇನೆ.

ಮಾರ್ಚ್ 30, ಭಾನುವಾರ

ಬೆಳಗ್ಗಿನಿಂದ ವಾಂತಿ. ಮೀನು ಹಳಸಿತ್ತೋ ಏನೋ. ಸಕ್ಕರೆ ಅಂಥದ್ದೇನಿಲ್ಲ, 238. ಉಸಿರು ಮಾತ್ರ ಓಡಿ ಬಂದವಳ ಹಾಗೆ. ಮಲಗಿಯೇ ಇದ್ದೇನೆ, ಆದರೂ.

ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ ಎನ್ನುತ್ತಿದ್ದಾರೆ ಇವರು. ಆಟೋ

ಏಪ್ರಿಲ್ 3, ಗುರುವಾರ

ಆಸ್ಪತ್ರೆ. ಇವತ್ತು ಕೈಗೆ ಪೆನ್ನು ಹಿಡಿಯಲು ಆಗುತ್ತಿದೆ. ಎಡಗೈಯಲ್ಲಿ ಇನ್ನೂ ಸೂಜಿ ಇದೆ. ನೋಟುಪುಸ್ತಕವನ್ನು ಇವರೇ ತಂದುಕೊಟ್ಟರು. ಓದಿದ್ದಾರೋ ಇಲ್ಲವೋ ಕೇಳಲಿಲ್ಲ.

ಎರಡು ದಿನ ಐಸಿಯು ಅಂತೆ. ನನಗೆ ನೆನಪಿರುವುದು ಚಾವಣಿಯ ಒಂದು ದೀಪ ಮಾತ್ರ. ಇವತ್ತು ಬೆಳಗ್ಗೆ ಡಾಕ್ಟರಮ್ಮ ಬಂದು ಕುರ್ಚಿ ಎಳೆದುಕೊಂಡು ಕೂತರು. ಕೂತು ಮಾತಾಡುವ ಡಾಕ್ಟರನ್ನು ಕಂಡರೇ ಭಯವಾಗುತ್ತದೆ.

"ಇನ್ಸುಲಿನ್ ಯಾವತ್ತು ನಿಲ್ಲಿಸಿದ್ರಿ?"

ಇವರು ಮಂಚದ ಕಾಲ ಬಳಿ ನಿಂತಿದ್ದರು. ಹೇಳಿದೆ. ಅವರ ಮುಖ ನೋಡಲಿಲ್ಲ.

"ಆದ್ರೆ ಡಾಕ್ಟ್ರೇ, ಇನ್ನೂರ ಮೂವತ್ತೆಂಟು ಅಷ್ಟೇ ಇತ್ತಲ್ಲ? ಮುಂಚೆ ಅದಕ್ಕಿಂತ ಜಾಸ್ತಿ ಇರ್ತಿತ್ತು."

"ಅದಕ್ಕೇ ನೀವು ಮನೇಲೇ ಮಲ್ಕೊಂಡಿದ್ದು. ಅನ್ನ ತಿಂತಿರಲಿಲ್ಲ, ಹಾಗಾಗಿ ಸಕ್ಕರೆ ಏರಲಿಲ್ಲ. ಆದ್ರೆ ಇನ್ಸುಲಿನ್ ಇಲ್ಲದೆ ಮೈ ಕೊಬ್ಬನ್ನ ಹಿಡಿತವಿಲ್ಲದೆ ಸುಟ್ಟು, ರಕ್ತ ಎಲ್ಲಾ ಹುಳಿ ಆಗಿತ್ತು. ಇನ್ನರ್ಧ ದಿನ ತಡ ಆಗಿದ್ರೆ ನಾನು ನಿಮ್ಮ ಹತ್ರ ಅಲ್ಲ, ನಿಮ್ಮ ಯಜಮಾನರ ಹತ್ರ ಮಾತಾಡ್ತಿದ್ದೆ."

"ನಮ್ಮಣ್ಣ ಎಲ್ಲಾ ಬಿಟ್ಟು..."

"ನಿಮ್ಮಣ್ಣನ ಕಾಯಿಲೆ ಬೇರೆ. ಅವರ ಮೈಲಿ ಇನ್ಸುಲಿನ್ ಇದೆ, ಸರಿಯಾಗಿ ಕೆಲಸ ಮಾಡ್ತಿರಲಿಲ್ಲ. ಅನ್ನ ಬಿಟ್ರು, ಇದ್ದಿದ್ದೇ ಸಾಕಾಯ್ತು. ನಿಮ್ಮದು ಹಾಗಲ್ಲ. ನಿಮ್ಮ ಮೈಯೇ ಅದನ್ನ ಮಾಡೋ ಜೀವಕೋಶಗಳನ್ನ ಕೊಲ್ತಾ ಬಂದಿದೆ. ಇನ್ನು ಉಳಿದಿರೋದು ಚೂರು ಪಾರು. ಇನ್ಸುಲಿನ್ ಬರೀ ಅನ್ನಕ್ಕಲ್ಲ. ಏನೂ ತಿನ್ನದೆ ಮಲಗಿದ್ರೂ ಬೇಕು. ನಿಮಗೆ ಅದು ಉಸಿರಿದ್ದ ಹಾಗೆ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ ನೀವು?"

"ಹೇಳಿದ್ದೆನಲ್ಲಮ್ಮ. ಮಾತ್ರೆ ನಿಲ್ಲಿಸಿ ಇಂಜೆಕ್ಷನ್ ಶುರು ಮಾಡಿದ ದಿನ ರಕ್ತದ ರಿಪೋರ್ಟ್ ಕೈಲಿ ಕೊಟ್ಟು ಕಾಲು ಗಂಟೆ ಹೇಳಿದ್ದೆ. ನೀವು ಗಡಿಯಾರ ನೋಡ್ತಿದ್ರಿ. ಪಾಠಕ್ಕೆ ಹೊತ್ತಾಯ್ತು ಅಂದ್ರಿ."

ಗಡಿಯಾರ ನೆನಪಿದೆ. ನೀಲಿ ಅಂಚಿನದು. ಮಾತು ಒಂದೂ ನೆನಪಿಲ್ಲ.

ಆಮೇಲೆ ಡಾಕ್ಟರಮ್ಮ ಕೇಳಿದರು: "ನಡುವೆ ಸಕ್ಕರೆ ತೀರಾ ಇಳಿದು ಎಚ್ಚರ ತಪ್ಪಿದ್ದುಂಟಾ?"

"ಇಲ್ಲ," ಎಂದೆ.

"ಸುಮ್ಸುಮ್ನೆ ಯಾರೂ ಇಷ್ಟು ಹೆದರೋದಿಲ್ಲ. ಎಂಟರಿಂದ ಒಂದೇ ಸಲ ಸೊನ್ನೆಗೆ ಬಂದಿದ್ದೀರಿ. ಏನೋ ಆಗಿರಬೇಕು."

ಹೇಳಿಬಿಟ್ಟೆ. ಗಾಡಿ, ಪೆಪ್ಪರ್‌ಮೆಂಟು, ನಲವತ್ತೊಂದು, ಎಲ್ಲ. ಡಾಕ್ಟರಮ್ಮ ಬರೆದುಕೊಂಡರು. ಇವರು ಕನ್ನಡಕ ತೆಗೆದರು. ಒರೆಸಲಿಲ್ಲ. ಹಾಗೇ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದರು.

ಒಂದು ಗಂಟೆಯ ನಂತರ ಬಂದು ಮಂಚದ ಪಕ್ಕ ನಿಂತರು.

"ರಸ್ತೇಲಿ ಮಕ್ಕಳಿದ್ರಾ?" ಎಂದು ಕೇಳಿದರು.

ನನಗೆ ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ. ಆದರೆ ನೀರಿನ ಟ್ಯಾಂಕ್ ದಾಟಿದರೆ ಸ್ಕೂಲು.

ಏಪ್ರಿಲ್ 5, ಶನಿವಾರ

ಮನೆ. ಇವರು ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದಾರೆ. "ಊಟ." "ಸೂಜಿ." "ಹೊತ್ತಾಯ್ತು." ಬೈದಿದ್ದರೆ ಒಳ್ಳೆಯದಿತ್ತು.

ಏಪ್ರಿಲ್ 8, ಮಂಗಳವಾರ

ಡಾಕ್ಟರಮ್ಮನ ಕೋಣೆಯಲ್ಲಿ ಒಂದೂವರೆ ಗಂಟೆ. ಇವರೂ ಬಂದಿದ್ದರು. ಅನ್ನ ಮತ್ತೆ ತಿನ್ನಲೇಬೇಕೆಂದು ಹೇಳುತ್ತಾರೆ ಅಂದುಕೊಂಡಿದ್ದೆ.

"ಕಡಿಮೆ ತಿನ್ನೋದು ಬೇಕಂದ್ರೆ ತಿನ್ನಿ, ಬೇಡ ಅನ್ನೋದಿಲ್ಲ," ಎಂದರು. "ಆದ್ರೆ ತಟ್ಟೆ ಬದಲಾದ್ರೆ ಸೂಜಿನೂ ಬದಲಾಗ್ಬೇಕು. ಅದೂ ನನ್ನ ಕಣ್ಣೆದುರಿಗೆ. ಮೊದಲ ದಿನವೇ ನನಗೆ ಒಂದು ಫೋನ್ ಮಾಡಿದ್ರೆ ಇದ್ಯಾವುದೂ ಆಗ್ತಿರಲಿಲ್ಲ."

ಬೆಳಗಿನದು ಯಾವತ್ತೂ ನಿಲ್ಲಿಸುವಂತಿಲ್ಲ. ಆದರೆ ಇಪ್ಪತ್ತಲ್ಲ, ಸದ್ಯಕ್ಕೆ ಹದಿನಾಲ್ಕು. ಊಟದ್ದು ತಟ್ಟೆಯಲ್ಲಿ ಏನಿದೆಯೋ ಅದರ ಮೇಲೆ. ನನ್ನ ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡು ಲೆಕ್ಕ ಹಾಕಿದರು. ಸದ್ಯಕ್ಕೆ ಹತ್ತು ಗ್ರಾಂ ಪಿಷ್ಟಕ್ಕೆ ಒಂದು ಯೂನಿಟ್. ಇದು ನನಗೆ ಮಾತ್ರ, ಅದೂ ಮುಂದಿನ ವಾರದವರೆಗೆ ಮಾತ್ರ. ಅರ್ಧರ್ಧ ಯೂನಿಟ್ ಹಾಕಬಹುದಾದ ಬೇರೆ ಪೆನ್ನು ಕೊಟ್ಟರು. ಸಕ್ಕರೆ ಇಳಿದರೆ ಗ್ಲುಕೋಸ್ ಬಿಲ್ಲೆಯೇ, ಕಡಲೆಬೀಜ ಅಲ್ಲ. "ಅದು ಊಟ ಅಲ್ಲ, ಔಷಧಿ," ಎಂದರು.

ಇವರು ಇಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. "ಎಷ್ಟು ಗ್ರಾಂವರೆಗೆ ತಪ್ಪಿದ್ರೆ ನಡೆಯುತ್ತೆ ಡಾಕ್ಟ್ರೇ?" ಎಂದು ಕೇಳಿದರು.

ಡಾಕ್ಟರಮ್ಮ ಮೊದಲ ಸಲ ನಕ್ಕರು. "ಐದು ಗ್ರಾಂ ಆಚೀಚೆ ಆದ್ರೆ ಪರವಾಗಿಲ್ಲ."

"ಅಷ್ಟೊಂದಾ?" ಎಂದರು ಇವರು.

ಬರುವಾಗ ದಾರಿಯಲ್ಲಿ ಇಳಿದು ತಕ್ಕಡಿ ತಂದರು. ಒಂದು ಗ್ರಾಂ ಕೂಡ ತೋರಿಸುವಂಥದ್ದು.

ಏಪ್ರಿಲ್ 10, ಗುರುವಾರ

ಆಫೀಸಿಗೆ ಹೋದೆ. ರಜೆ ಮುಗಿಸಿ ಕೆಲಸಕ್ಕೆ ಬಂದೆ ಎಂದುಕೊಂಡು ಸಾರ್ ಗಾಡಿಯ ಕೀಲಿ ತೆಗೆದು ಮೇಜಿನ ಮೇಲಿಟ್ಟರು. ನಾನು ನಿಂತುಕೊಂಡೇ ಹೇಳಿದೆ. ಲೈಬ್ರರಿಯಮ್ಮನಿಗೆ ಮಂಡಿನೋವಲ್ಲ ಎಂದೂ ಹೇಳಿದೆ.

ಅವರಿಂದ ಬಂದ ದನಿ ನಾನು ಈ ಹದಿನೇಳು ವರ್ಷದಲ್ಲಿ ಕೇಳಿರದ ದನಿ, ಬಹಳ ಸಣ್ಣದು. "ಮೇಡಂ, ಆ ವಾರ ಸಾಯಂಕಾಲದ ಪಾಠ ನನ್ನ ಮಗಳದ್ದು."

ಹೌದು. ನಾಲ್ಕು ಗಂಟೆಯ ಪಾಠ. ಅವಳು ಚೆನ್ನಾಗಿ ಓಡಿಸುತ್ತಾಳೆ. ಆ ಘಟನೆಯಾದ ಮೇಲೂ ಎರಡು ವಾರ ನಾನೇ ಅವಳ ಪಕ್ಕ ಕೂತಿದ್ದೆ. ಇದು ನನಗೆ ಹೊಳೆದೇ ಇರಲಿಲ್ಲ ಎಂಬುದೇ ನಂಬಲಾಗುತ್ತಿಲ್ಲ.

ಸಾರ್ ಕೀಲಿ ವಾಪಸ್ ಡ್ರಾಯರಿಗೆ ಹಾಕಿದರು. ಡಾಕ್ಟರ ಚೀಟಿ ಬರುವವರೆಗೆ ಗಾಡಿ ಹತ್ತುವಂತಿಲ್ಲ. ಒಳಗಿನ ಕೋಣೆಯಲ್ಲಿ ರಸ್ತೆ ಚಿಹ್ನೆಗಳ ಪಾಠ ಮಾಡಬಹುದು, ಇಷ್ಟವಿದ್ದರೆ. "ಇಷ್ಟ ಇದೆ" ಎಂದೆ.

ಏಪ್ರಿಲ್ 16, ಬುಧವಾರ

ಇವತ್ತು ಇಬ್ಬರೂ ತಲೆ ಮೇಲೆ ಕೈಹೊತ್ತು ಕೂತೆವು. ಮಧ್ಯಾಹ್ನ ಕೋಳಿ, ಸೌತೆಕಾಯಿ, ಒಂದಿಷ್ಟು ಸೊಪ್ಪು. ತೂಗಿ, ಅಳೆದು, ಪಿಷ್ಟ ಆರು ಗ್ರಾಂ ಎಂದು ಅರ್ಧ ಯೂನಿಟ್ ಹಾಕಿಕೊಂಡೆ. ಒಂದು ಗಂಟೆಯ ನಂತರ ನೂರ ಹನ್ನೆರಡು. ಇವರು ತಕ್ಕಡಿಯನ್ನು ಮಗುವನ್ನು ತಟ್ಟುವಂತೆ ತಟ್ಟಿದರು. ಮೂರೂವರೆ ಗಂಟೆಯಾದ ಮೇಲೆ ನೋಡಿದರೆ ನೂರ ತೊಂಬತ್ತಾರು!

"ಯಾರ್ ಏನ್ ತಿಂದ್ರು?" ಎಂದರು ಇವರು, ಮನೆಯಲ್ಲಿ ಇನ್ನೂ ನಾಲ್ಕು ಜನ ಇರುವವರ ಹಾಗೆ.

ಕದ್ದು ತಿಂದಿಲ್ಲ ಎಂದು ಆಣೆ ಹಾಕುವುದು ಬಾಕಿ. ಡಾಕ್ಟರಮ್ಮನಿಗೆ ಫೋನ್ ಮಾಡಿದೆವು. ಪಿಷ್ಟ ಕಡಿಮೆ ಇರುವ ಊಟದಲ್ಲಿ ಕೋಳಿ, ಮೊಟ್ಟೆ, ಮೀನೂ ಮೆಲ್ಲಗೆ ಸಕ್ಕರೆಯಾಗುತ್ತವಂತೆ, ಎರಡು ಮೂರು ಗಂಟೆ ಕಳೆದ ಮೇಲೆ. ಅದಕ್ಕೂ ಒಂದು ಪಾಲು ಲೆಕ್ಕ ಹಿಡಿಯಬೇಕು, ಆದರೆ ಎಲ್ಲವನ್ನೂ ಒಟ್ಟಿಗೆ ಹಾಕಿಕೊಂಡರೆ ಮೊದಲು ಇಳಿದು ಆಮೇಲೆ ಏರುತ್ತದೆ. ಸ್ವಲ್ಪ ಈಗ, ಸ್ವಲ್ಪ ಆಮೇಲೆ. ಎಷ್ಟು, ಯಾವಾಗ ಎಂದು ಮೂರು ದಿನದ ಅಂಕಿ ನೋಡಿ ಹೇಳುತ್ತಾರೆ.

ಕೋಳಿ ಸಕ್ಕರೆಯಾಗುತ್ತದೆ! ಅಣ್ಣನಿಗೆ ಹೇಳಿದರೆ ನನಗೆ ಹುಚ್ಚು ಹಿಡಿದಿದೆ ಎನ್ನುತ್ತಾನೆ.

ಇವರು ರಾತ್ರಿ ಊಟಕ್ಕೆ ಕೂತಾಗ ತಾವಾಗಿಯೇ ಮಾತಾಡಿದರು, ಸೂಜಿ ತಕ್ಕಡಿಯ ಮಾತಲ್ಲ. ಅಂಗಡಿಗೆ ಬಂದ ಮುದುಕರೊಬ್ಬರು ಹೊಸ ಕನ್ನಡಕ ಹಾಕಿಕೊಂಡು ಹೆಂಡತಿಯನ್ನು ನೋಡಿ, "ಇಷ್ಟು ವಯಸ್ಸಾಗಿದೆಯಾ ನಿನಗೆ?" ಎಂದರಂತೆ. ಹೇಳಿ ತಾವೇ ನಕ್ಕರು. ಅವರು ನಕ್ಕು ಹದಿಮೂರು ದಿನವಾಗಿತ್ತು.

ಏಪ್ರಿಲ್ 27, ಭಾನುವಾರ

ಲೈಬ್ರರಿಯಮ್ಮನ ಮನೆಗೆ ಹೋಗಿದ್ದೆ. ಒಬ್ಬಳೇ. ಬಾಗಿಲಲ್ಲಿ ಕಂಡಾಗ ಒಂದು ಹೆಜ್ಜೆ ಹಿಂದೆ ಸರಿದರು. ಅದನ್ನು ನಾನು ಕಂಡೆ.

ಮುಂದಿನ ಕೋಣೆ ತುಂಬ ಪುಸ್ತಕ. ಕಿಟಕಿಯಾಚೆ ಕಾರು, ಮೇಲೆ ಹೊದಿಕೆ, ಹೊದಿಕೆಯ ಮೇಲೆ ಎಲೆ. ಅವರ ಯಜಮಾನರು ರೇಡಿಯೋ ಸಣ್ಣಗೆ ಮಾಡಿ ಒಳಗೆ ಹೋದರು, ಗೋಡೆ ಹಿಡಿದುಕೊಂಡು.

"ಕ್ಷಮಿಸಿ ಅನ್ನೋಕೆ ಬಂದಿದ್ದೀನಿ," ಅಂದೆ. "ಅದರ ಜೊತೆಗೆ, ಅವತ್ತು ಏನಾಯ್ತು ಅಂತ ಕೇಳ್ಬೇಕು. ನನಗೆ ಗೊತ್ತಿಲ್ಲ."

"ನಿಜವಾಗ್ಲೂ ಗೊತ್ತಿಲ್ವಾ?"

"ಇಲ್ಲ."

ಅವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು. ಒಂದೂ ಬಿಡದೆ, ಪುಸ್ತಕವನ್ನು ಅದರ ಜಾಗದಲ್ಲೇ ಇಡುವವರ ಹಾಗೆ.

"ನೀವು ಮೊದಲು ಎಡಕ್ಕೆ ತಿರುಗಿಸಿ ಅಂದ್ರಿ. ಎಡಕ್ಕೆ ಗೋಡೆ ಇತ್ತು. ನಾನು ತಿರುಗಿಸಲಿಲ್ಲ. ನೀವು ನಗೋಕೆ ಶುರು ಮಾಡಿದ್ರಿ. ಮುಂದೆ ಸ್ಕೂಲ್ ಮಕ್ಕಳು ಸಾಲಾಗಿ ರಸ್ತೆ ದಾಟ್ತಿದ್ರು. ಒಬ್ಬೊಬ್ಬರ ಕೈ ಒಬ್ಬೊಬ್ಬರು ಹಿಡ್ಕೊಂಡು. ನಾನು ನಿಧಾನ ಮಾಡಿದೆ. ನೀವು, 'ಹೊರಡಿ, ಹೊರಡಿ, ಎಷ್ಟೊತ್ತು ಕಾಯ್ತೀರಿ' ಅಂತ ಕಿರುಚಿ ಸ್ಟೀರಿಂಗ್ ಹಿಡಿದು ಎಳೆದ್ರಿ. ಅವರ ಕಡೆಗೆ. ನಾನು ನಿಮ್ಮ ಕೈ ಬಿಡಿಸೋಕೆ ಹೋದೆ, ಹೊಡೆದ್ರಿ. ಎರಡು ಸಲ. ಹ್ಯಾಂಡ್‌ಬ್ರೇಕ್ ಎಳೆದೆ. ನಿಂತಿತು."

"ಎಷ್ಟು ದೂರದಲ್ಲಿ?"

ಅವರು ಕೂತಲ್ಲಿಂದ ಪುಸ್ತಕದ ಕಪಾಟಿನ ಕಡೆ ನೋಡಿದರು. ಅಷ್ಟು. ನಾಲ್ಕು ಹೆಜ್ಜೆ.

"ಸಾಲಿನ ಕೊನೇಲಿದ್ದ ಹುಡುಗಿ ನಮಗೆ ಕೈ ಬೀಸಿದ್ಲು," ಎಂದರು. "ನಾವು ಅವರಿಗೋಸ್ಕರವೇ ನಿಂತಿದ್ದು ಅಂದ್ಕೊಂಡಿರಬೇಕು."

ನಾನು ಹೊಡೆದೆನಂತೆ. ಈ ಕೈ. ಮಕ್ಕಳ ಕಡೆಗೆ ಎಳೆದದ್ದೂ ಈ ಕೈಯೇ. ನನ್ನೊಳಗೆ ನಾನಿಲ್ಲದಾಗ ಅಲ್ಲಿ ಕೂತು ನಕ್ಕವಳು ಯಾರು?

"ಅವತ್ತಿಂದ ನಾನು ಆ ಸೀಟಲ್ಲಿ ಕೂತಿಲ್ಲ," ಎಂದರು. "ಇವರನ್ನ ಕಣ್ಣಿನ ಆಸ್ಪತ್ರೆಗೆ ಟ್ಯಾಕ್ಸಿಲೇ ಕರ್ಕೊಂಡು ಹೋಗ್ತೀನಿ. ನಮ್ಮ ಕಾರು ಹತ್ತಿ ಕೀಲಿ ಹಾಕಿದ್ರೆ ಆ ಸಾಲು ಕಣ್ಣಿಗೆ ಬರುತ್ತೆ."

ಟೀ ಕೊಟ್ಟರು. ಸಕ್ಕರೆ ಹಾಕಿರಲಿಲ್ಲ. ನಾನು ಹೇಳಿರಲೂ ಇಲ್ಲ.

ಮನೆಗೆ ಬಂದು ಇವರಿಗೆ ಎಲ್ಲವನ್ನೂ ಹೇಳಿದೆ. ಮಕ್ಕಳಿದ್ದರು ಎಂದೆ. ಇವರು, "ಆ ಅಮ್ಮನ್ನ ಒಂದ್ಸಲ ನಾನೂ ನೋಡ್ಬೇಕು," ಎಂದರು.

ಮೇ 20, ಮಂಗಳವಾರ

ಆರು ವಾರ. ಮೂರು ನೋಟುಪುಸ್ತಕ ತುಂಬಿವೆ, ಎರಡು ಇವರ ಅಕ್ಷರದಲ್ಲಿ. ಬೆಳಗಿನದನ್ನು ಡಾಕ್ಟರಮ್ಮ ಹದಿಮೂರಕ್ಕೆ ತಂದರು. ಮೊಟ್ಟೆಯ ದಿನ ಇಷ್ಟು, ಮೀನಿನ ದಿನ ಇಷ್ಟು, ನಡೆದಾಡುವ ದಿನ ಅದಕ್ಕಿಂತ ಕಡಿಮೆ. ತಪ್ಪುತ್ತೇವೆ. ಹೋದ ವಾರ ಒಮ್ಮೆ ಅರವತ್ತೆಂಟು ಆಯಿತು, ಬಿಲ್ಲೆ ತಿಂದು ಕಾಲು ಗಂಟೆ ಕೂತೆ, ಸರಿಹೋಯಿತು. ಮೊನ್ನೆ ಇನ್ನೂರ ಹತ್ತಾಯಿತು, ರಕ್ತ ಹುಳಿಯಾಗುವುದರ ಸೂಚನೆ ಕೀಟೋನ್ ಇದೆಯೇ ಎಂದು ನೋಡಿದೆವು, ಇರಲಿಲ್ಲ. ಉಳಿದಂತೆ ಹೆಚ್ಚಿನ ದಿನ ನೂರರಿಂದ ನೂರ ಐವತ್ತರ ಒಳಗೆ.

ಅಣ್ಣ ಬಂದಿದ್ದ. ಆಸ್ಪತ್ರೆಗೆ ಬಂದಾಗ ಅತ್ತಿದ್ದವನು ಮತ್ತೆ ಹುರುಪಾಗಿದ್ದಾನೆ. ಅವನ ಪಕ್ಕದ ಮನೆಯಾಕೆಗೂ ಇನ್ಸುಲಿನ್ ಇದೆಯಂತೆ, ನನ್ನ ಪಟ್ಟಿ ಬರೆದುಕೊಡಬೇಕಂತೆ.

"ಕೊಡೋದಿಲ್ಲ," ಎಂದೆ. "ಇದು ನನ್ನ ಅಳತೆಗೆ ಹೊಲಿಸಿದ ರವಿಕೆ ಅಣ್ಣ. ಆಕೆ ತನ್ನ ಡಾಕ್ಟ್ರ ಹತ್ರ ಹೋಗ್ಲಿ. ನೀನು ಇಂಥದ್ದು ಯಾರಿಗೂ ಹೇಳ್ಬೇಡ ಇನ್ಮೇಲೆ."

ಅವನ ಮುಖ ಇಳಿಯಿತು. "ನಿನ್ನನ್ನ ನಾನೇ ಕೊಲ್ತಿದ್ದೆ ಅಲ್ವಾ?" ಎಂದ.

"ನೀನು ಹೇಳ್ದೆ. ಮಾಡಿದ್ದು ನಾನು."

ಒಳಗಿನ ಕೋಣೆಯ ಪಾಠಕ್ಕೆ ಈಗ ಹದಿನೆಂಟು ಜನ. ಇವತ್ತು ಒಬ್ಬ ಬಡಗಿ ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿದ. ಐದನೆಯ ಸಲ ಹೇಳುವಾಗ ನನಗೇ ಅದು ಇನ್ನಷ್ಟು ಚೆನ್ನಾಗಿ ಅರ್ಥವಾಯಿತು.

ಜೂನ್ 15, ಭಾನುವಾರ

ಹೋದ ಮಂಗಳವಾರ ಡಾಕ್ಟರಮ್ಮ ಚೀಟಿ ಕೊಟ್ಟರು. ಷರತ್ತು: ಗಾಡಿ ಹತ್ತುವ ಮೊದಲು, ಆಮೇಲೆ ಗಂಟೆಗೊಮ್ಮೆ ಬೆರಳು ಚುಚ್ಚಬೇಕು. ತೊಂಬತ್ತಕ್ಕಿಂತ ಕೆಳಗಿದ್ದರೆ ಹತ್ತುವಂತಿಲ್ಲ. ಸಾರ್ ನಾಳೆಯಿಂದ ಬನ್ನಿ ಎಂದಿದ್ದಾರೆ. ದಿನಕ್ಕೆ ಎರಡೇ ಪಾಠ.

ಅದಕ್ಕೂ ಮೊದಲು, ಮತ್ತೆ ಪಾಠ ಶುರು ಮಾಡೋಣವೇ ಎಂದು ಕೇಳಲು ಲೈಬ್ರರಿಯಮ್ಮನಿಗೆ ಫೋನ್ ಮಾಡಿದ್ದೆ. ಬೇಡ ಎನ್ನುತ್ತಾರೆಂದೇ ಅಂದುಕೊಂಡಿದ್ದೆ. "ನಮ್ಮ ಕಾರಲ್ಲಿ. ಖಾಲಿ ಮೈದಾನದಲ್ಲಿ. ಒಂದೇ ಸಲ," ಎಂದರು.

ಇವತ್ತು ಬೆಳಗ್ಗೆ ನಾನೂ ಇವರೂ ಅವರ ಮನೆಗೆ ನಡೆದುಕೊಂಡೇ ಹೋದೆವು. ಹೊದಿಕೆ ತೆಗೆದಿತ್ತು. ಇವರು, ಅವರ ಯಜಮಾನರು ಕಟ್ಟೆಯ ಮೇಲೆ ಕೂತು ಕಣ್ಣಿನ ವಿಷಯ ಮಾತಾಡತೊಡಗಿದರು. ಕಾರನ್ನು ಮೈದಾನಕ್ಕೆ ತಂದು ಕೊಟ್ಟದ್ದು ಪಕ್ಕದ ಮನೆಯವರು. ಅದರಲ್ಲಿ ನನ್ನ ಬದಿಗೆ ಬ್ರೇಕ್ ಇಲ್ಲ, ಏನೂ ಇಲ್ಲ. ಸುಮ್ಮನೆ ಕೂರುವ ಸೀಟು.

ಲೈಬ್ರರಿಯಮ್ಮ ಕೀಲಿ ಕೈಯಲ್ಲಿ ಹಿಡಿದುಕೊಂಡು ಹೊರಗೇ ನಿಂತಿದ್ದರು. ನಾನು ಕಾರಿನ ಬಾಗಿಲ ಬಳಿ ಬೆರಳು ಚುಚ್ಚಿದೆ.

ಎಂಬತ್ತನಾಲ್ಕು.

ಅಷ್ಟು ದೂರ ನಡೆಯುವೆನೆಂದು ಬೆಳಗ್ಗೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೈ ಚೆನ್ನಾಗಿತ್ತು. ಬೆವರಿಲ್ಲ, ನಡುಕವಿಲ್ಲ. ಎಂಬತ್ತನಾಲ್ಕು ಎಂದರೆ ಯಾರ ರಕ್ತದಲ್ಲೂ ಇರುವಂಥದ್ದೇ. ಅವರು ಇಷ್ಟು ದಿನದ ಮೇಲೆ ಇವತ್ತು ಬಂದಿದ್ದಾರೆ, ಈಗ ಬೇಡ ಎಂದರೆ ಇನ್ನೆಂದೂ ಬರಲಿಕ್ಕಿಲ್ಲ.

"ಎಷ್ಟಿದೆ?" ಎಂದರು.

ನೂರ ಹತ್ತು ಎಂಬ ಮಾತು ನನ್ನ ಬಾಯೊಳಗೆ ಸಿದ್ಧವಾಗಿ ಕೂತಿತ್ತು. ಎಷ್ಟು ಸಲೀಸಾಗಿ ಬಂದು ಕೂತಿತ್ತೆಂದರೆ ನನಗೇ ಗಾಬರಿಯಾಯಿತು.

"ಎಂಬತ್ತನಾಲ್ಕು," ಎಂದೆ.

"ಎಷ್ಟಿರಬೇಕು?"

"ತೊಂಬತ್ತು."

"ಹಾಗಾದ್ರೆ ಹತ್ಬೇಡಿ."

ಹತ್ತಲಿಲ್ಲ. ಬಿಲ್ಲೆ ತಿಂದೆ. ಇಬ್ಬರೂ ಮೈದಾನದ ಅಂಚಿನ ಕಲ್ಲಿನ ಮೇಲೆ ಕೂತೆವು. ಅವರು ಗಡಿಯಾರ ನೋಡಲಿಲ್ಲ, ನಾನೂ ನೋಡಲಿಲ್ಲ. ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷ ವಾಪಸ್ ಬಾರದ ಒಂದು ಪುಸ್ತಕದ ಕಥೆ ಹೇಳಿದರು. ಮತ್ತೆ ಬೆರಳು ಚುಚ್ಚಿದಾಗ ಅವರೇ ಬಗ್ಗಿ ನೋಡಿದರು. ನೂರ ಹದಿನೇಳು.

"ಇದು ಏರ್ತಾ ಇದೆಯೋ ಇಳೀತಾ ಇದೆಯೋ?"

"ಏರ್ತಾ ಇದೆ."

"ಈಗ ಹತ್ತಿ."

ಕೀಲಿ ತಿರುಗಿಸಿದರು. ಕಣ್ಣು ಮುಚ್ಚಿಕೊಂಡರು. ಎಂಜಿನ್ ಸದ್ದು ಮಾಡುತ್ತಲೇ ಇತ್ತು, ಬಹಳ ಹೊತ್ತು. ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ. ಆಮೇಲೆ ಕಣ್ಣು ತೆರೆದು ಹೊರಟರು.

ಮೊದಲನೆಯ ಗೇರಿನಲ್ಲೇ ಮೂರು ಸುತ್ತು ಹಾಕಿದರು. ಕಾರು ಗೊಣಗುತ್ತಿತ್ತು. ಎರಡನೆಯದಕ್ಕೆ ಹಾಕಿ ಎಂದು ನಾನು ಹೇಳಲಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಅವರೇ ಹಾಕಿದರು.